ಅಗತ್ತಿಗೆ ಅಲಯನ್ಸ್ ಏರ್: ಪರ್ಮಿಟ್ ಹಿಡಿದು ಹೊರಡುವುದರಿಂದ ವಾಪಸು ಬರುವವರೆಗೆ

ಡಿಸೆಂಬರಿನಲ್ಲೊಂದು ರಾತ್ರಿ ಮಂಗಳೂರಿನಿಂದ ಭಾವನ ಫೋನು. "ಲಕ್ಷದ್ವೀಪಕ್ಕೆ ಟಿಕೆಟ್ ಮಾಡಿ ಆಯ್ತು ಮಾರಾಯ, ಕೊಚ್ಚಿಯಿಂದ. ನಾಲ್ಕು ಸೀಟು!" ಪರ್ಮಿಟ್ ಆಯಿತಾ ಭಾವ, ಎಂದೆ. "ಎಂಥ ಪರ್ಮಿಟ್? ನಮ್ಮದೇ ದೇಶ ಅಲ್ವಾ ಅದು?"

ನಮ್ಮದೇ ದೇಶ, ನಿಜ. ಆದರೂ ದ್ವೀಪಕ್ಕೆ ಕಾಲಿಡಲು ಬೇಕಾದ ಅನುಮತಿ ಚೀಟಿ, ಅಂದರೆ ಪರ್ಮಿಟ್, ಇಲ್ಲದೆ ಕೊಚ್ಚಿಯಲ್ಲಿ ಬೋರ್ಡಿಂಗ್ ಪಾಸ್ ಕೈಗೆ ಸಿಗುವುದಿಲ್ಲ. ಆ ನಾಲ್ಕು ಸೀಟು ರದ್ದಾದವು. ಹಿಂದಿರುಗಿದ ದುಡ್ಡಿನಲ್ಲಿ ಮನೆಮಂದಿಯೆಲ್ಲ ಒಂದು ಮೀನೂಟ ಮುಗಿಸಿ ಸಮಾಧಾನ ಮಾಡಿಕೊಂಡರು. ಮಾರ್ಚಿನಲ್ಲಿ ಮತ್ತೆ ಹೊರಟಾಗ ನನ್ನನ್ನೂ ಜೊತೆಗೆ ಎಳೆದುಕೊಂಡರು, ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತನಾಗಿ. ಲಕ್ಷದ್ವೀಪದಲ್ಲಿ ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ; ಕೊಚ್ಚಿಯಿಂದ ಅಲ್ಲಿಗೆ ಅಲಯನ್ಸ್ ಏರ್‌ನಲ್ಲಿ ಹೋಗಿ ಬರುವ ಬಗ್ಗೆ ಆ ಗುಮಾಸ್ತಿಕೆಯಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಈ ವಿಮಾನ ಯಾರದ್ದೆಂದು ತಿಳಿದುಕೊಳ್ಳಿ

ಇದು ಬರೀ ಸಾಮಾನ್ಯ ಜ್ಞಾನಕ್ಕೆ ಹೇಳುತ್ತಿರುವುದಲ್ಲ, ಟಿಕೆಟ್ ಮಾಡುವಾಗ ಕೈಕೊಡುವ ಸಂಗತಿ. ಅಲಯನ್ಸ್ ಏರ್ 1996ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಅಂಗಸಂಸ್ಥೆಯಾಗಿ ಹುಟ್ಟಿತು. ಆಮೇಲೆ ಇಂಡಿಯನ್ ಏರ್‌ಲೈನ್ಸ್ ಹೋಗಿ ಏರ್ ಇಂಡಿಯಾದಲ್ಲಿ ಸೇರಿದಾಗ ಇದು ಏರ್ ಇಂಡಿಯಾದ ಸಣ್ಣ ಊರುಗಳ ಕೈ ಆಯಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಪಾಲಾಯಿತಲ್ಲ, ಆ ವ್ಯಾಪಾರದಲ್ಲಿ ಅಲಯನ್ಸ್ ಏರ್ ಇರಲಿಲ್ಲ. ಅದು ಈಗಲೂ ಸರ್ಕಾರದ್ದೇ. ಎಐ ಅಸೆಟ್ಸ್ ಹೋಲ್ಡಿಂಗ್ ಎಂಬ ಸರ್ಕಾರಿ ಕಂಪನಿಯ ಅಂಗಸಂಸ್ಥೆ. 2022ರ ಏಪ್ರಿಲ್ ನಡುವಿನಿಂದ ಟಿಕೆಟ್ ವ್ಯವಹಾರವೂ ಪೂರ್ತಿ ಬೇರೆ. ಇದರ ವಿಮಾನಗಳ ಸಂಕೇತ 9ಐ.

ಹಾಗಾಗಿ ಏರ್ ಇಂಡಿಯಾ ಆ್ಯಪಿನಲ್ಲಿ ಹುಡುಕಿ "ಅಗತ್ತಿಗೆ ವಿಮಾನವೇ ಇಲ್ಲ" ಎಂದು ಕೈಬಿಡಬೇಡಿ. ಬೆಂಗಳೂರಿನಿಂದ ಕೊಚ್ಚಿಗೆ ಒಂದು ಕಂಪನಿ, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಎರಡು ಟಿಕೆಟ್ ಮಾಡಿದರೆ ಅವು ಎರಡು ಬೇರೆ ಒಪ್ಪಂದಗಳು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ನಿಮ್ಮ ಹೊಣೆ ನಿಮ್ಮದೇ. ಬ್ಯಾಗನ್ನೂ ನೀವೇ ಇಳಿಸಿಕೊಂಡು ಮತ್ತೆ ಕೌಂಟರಿಗೆ ಹೊರಬೇಕು.

ಈಗ ಅಗತ್ತಿಗೆ ಇದೊಂದೇ ವಿಮಾನ ಎನ್ನುವ ಕಾಲ ಹೋಗಿದೆ. 2024ರ ಮಾರ್ಚ್ ಕೊನೆಯಲ್ಲಿ ಇಂಡಿಗೋ ಬೆಂಗಳೂರಿನಿಂದ ನೇರ ಸೇವೆ ಶುರು ಮಾಡಿತು. ಆದರೂ ವರ್ಷಗಟ್ಟಲೆ ಆ ದ್ವೀಪದವರನ್ನು ಕೊಚ್ಚಿಯ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಕರೆದೊಯ್ದದ್ದು ಈ ಸಣ್ಣ ಕಂಪನಿಯ ವಿಮಾನ. ಅದಕ್ಕೂ ಮೊದಲು, 1988ರಲ್ಲಿ ಅಗತ್ತಿಯ ನಿಲ್ದಾಣ ಶುರುವಾದಾಗ ಬಂದಿಳಿದದ್ದು ವಾಯುದೂತ ಕಂಪನಿಯ ಡಾರ್ನಿಯರ್ ಎಂಬ ಸಣ್ಣ ವಿಮಾನ. ಅದೂ ಇಂಡಿಯನ್ ಏರ್‌ಲೈನ್ಸ್, ಏರ್ ಇಂಡಿಯಾ ಎರಡೂ ಸೇರಿ ಕಟ್ಟಿದ ಮರಿ ಕಂಪನಿಯೇ. ದೊಡ್ಡವರು ಹೋಗಲೊಲ್ಲದ ಕಡೆಗೆ ಮಕ್ಕಳನ್ನು ಕಳಿಸುವುದು ನಮ್ಮ ವಿಮಾನಯಾನದ ಹಳೆಯ ಪದ್ಧತಿ.

ಪರ್ಮಿಟ್

ಲಕ್ಷದ್ವೀಪದ ಪ್ರವೇಶಕ್ಕೆ 1967ರ ನಿಯಮಗಳಿವೆ. ಅಲ್ಲಿನ ಮೂಲನಿವಾಸಿಗಳು ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡದವರು. 2011ರ ಜನಗಣತಿಯಲ್ಲಿ ಇಡೀ ಕೇಂದ್ರಾಡಳಿತ ಪ್ರದೇಶದ ಜನಸಂಖ್ಯೆಯೇ 64,473. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರು, ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. ಯಾರು ಬೇಕಾದರೂ ಬಂದು ನಿಲ್ಲುವಷ್ಟು ಜಾಗ ಅಲ್ಲಿಲ್ಲ, ನೀರೂ ಇಲ್ಲ. ಪರ್ಮಿಟ್ ಎಂದರೆ ಕಿರಿಕಿರಿ ಎಂದು ಗೊಣಗುವವರು ಒಮ್ಮೆ ಆ ದ್ವೀಪವನ್ನು ಆಚೆ ತುದಿಯಿಂದ ಈಚೆ ತುದಿಗೆ ನಡೆದು ನೋಡಬೇಕು.

ಅರ್ಜಿ ಲಕ್ಷದ್ವೀಪ ಆಡಳಿತದ ಇ-ಪರ್ಮಿಟ್ ತಾಣದಲ್ಲಿ. ಫೋಟೊ, ಗುರುತಿನ ಚೀಟಿ, ಹೋಗುವ ಮತ್ತು ಬರುವ ದಿನಾಂಕ, ಉಳಿಯುವ ಜಾಗ, ಶುಲ್ಕ. ಪ್ಯಾಕೇಜಿನಲ್ಲಿ ಹೋಗುವವರಿಗೆ ನಡೆಸುವವರೇ ಇದನ್ನು ಮಾಡಿಸಿಕೊಡುತ್ತಾರೆ. ಹೋಂಸ್ಟೇಯಲ್ಲಿ ಸ್ವಂತವಾಗಿ ಉಳಿಯುವವರಿಗೆ ಆ ಮನೆಯವರೇ ಸಾಮಾನ್ಯವಾಗಿ ದಾರಿ ತೋರಿಸುತ್ತಾರೆ. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ನಮ್ಮಲ್ಲಿ ಸೇವಾಸಿಂಧು ಮೂಲಕ ಅರ್ಜಿ ಹಾಕಿ. ಠಾಣೆಯಿಂದ ಪರಿಶೀಲನೆಗೆ ಬರುವವರೆಗೂ ಕಾಯಬೇಕು, ಆದ್ದರಿಂದ ಒಂದು ತಿಂಗಳ ಮೊದಲೇ ಶುರು ಮಾಡುವುದು ಒಳ್ಳೆಯದು. ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಯಾರೋ ಮೂರು ವರ್ಷದ ಹಿಂದೆ ಹೋಗಿ ಬಂದವರ ಮಾತಿಗಿಂತ ಅರ್ಜಿ ತುಂಬುವ ದಿನ ತಾಣದಲ್ಲಿ ಇರುವುದನ್ನು ನಂಬಿ.

ಎರಡು ಕಡೆ ಜನ ಎಡವುತ್ತಾರೆ. ಪರ್ಮಿಟಿನಲ್ಲಿ ದ್ವೀಪದ ಹೆಸರು ಇರುತ್ತದೆ. ಅಗತ್ತಿ ಎಂದಷ್ಟೇ ಬರೆಸಿಕೊಂಡು ಅಲ್ಲಿಗೆ ಹೋದಮೇಲೆ "ಕಡಮತ್‌ಗೂ ಹೋಗೋಣ" ಎಂದರೆ ಆಗುವುದಿಲ್ಲ. ಮನಸ್ಸಿನಲ್ಲಿರುವ ದ್ವೀಪಗಳನ್ನೆಲ್ಲ ಮೊದಲೇ ಹೇಳಿ. ಎರಡನೆಯದು ಹೆಸರಿನ ಕಾಗುಣಿತ. ನಮ್ಮ ಅತ್ತೆಯ ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಟಿಕೆಟ್‌ನಲ್ಲಿ ಮುಂದೆ, ಪರ್ಮಿಟಿನಲ್ಲಿ ಇನಿಶಿಯಲ್ಲೇ ಇಲ್ಲ. ಕೌಂಟರಿನಲ್ಲಿ ಮೂರನ್ನೂ ಸಾಲಾಗಿ ಇಟ್ಟು ನೋಡಿದಾಗ ಮೂವರು ಹೆಂಗಸರಂತೆ ಕಂಡರು. ಬಿಟ್ಟರು, ಆದರೆ ಆ ಹತ್ತು ನಿಮಿಷ ಯಾರಿಗೂ ಬೇಡ. ಪರ್ಮಿಟ್‌ನ ಎರಡು ಪ್ರಿಂಟ್ ಇಟ್ಟುಕೊಳ್ಳಿ. ಅಗತ್ತಿಯಲ್ಲಿ ಇಳಿದ ಮೇಲೆ ಪೊಲೀಸರಿಗೂ ತೋರಿಸಬೇಕು.

ಆ ರನ್‌ವೇ

ಟಿಕೆಟ್ ವಿಷಯಕ್ಕೆ ಬರುವ ಮೊದಲು ರನ್‌ವೇ ಬಗ್ಗೆ ಹೇಳಲೇಬೇಕು, ಏಕೆಂದರೆ ಸೀಟು, ಬ್ಯಾಗಿನ ತೂಕ, ವಿಳಂಬ, ರದ್ದತಿ ಎಲ್ಲದರ ಬೇರು ಅಲ್ಲಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಒಂದೊಂದು ರನ್‌ವೇ 4,000 ಮೀಟರ್. ಮಂಗಳೂರಿನದು 2,450. ನಮ್ಮ ಮೈಸೂರಿನ ಪುಟ್ಟ ನಿಲ್ದಾಣದಲ್ಲೂ 1,740 ಮೀಟರ್ ಇದೆ. ಅಗತ್ತಿಯದು 1,300 ಮೀಟರಿಗೂ ಕಡಿಮೆ. ದ್ವೀಪದ ದಕ್ಷಿಣದ ಬಾಲದ ಮೇಲೆ ಪಟ್ಟಿ ಅಂಟಿಸಿದಂತಿದೆ. ಎರಡೂ ಪಕ್ಕ ನೀರು, ತುದಿಯಲ್ಲಿಯೂ ನೀರು.

ಇಲ್ಲಿಗೆ ಜೆಟ್ ಬರುವ ಹಾಗಿಲ್ಲ. ಬರುವುದು ರೆಕ್ಕೆಯ ಕೆಳಗೆ ಫ್ಯಾನು ತಿರುಗುವ ಎಟಿಆರ್. ಅಲಯನ್ಸ್ ಏರ್‌ನ ಎಟಿಆರ್ 72ರಲ್ಲಿ 70 ಸೀಟು, ಅದರ ತಮ್ಮ ಎಟಿಆರ್ 42ರಲ್ಲಿ 48. ಆದರೆ 70 ಸೀಟಿನ ವಿಮಾನ ಬಂತೆಂದರೆ 70 ಜನ ಹತ್ತುತ್ತಾರೆ ಎಂದುಕೊಳ್ಳಬೇಡಿ. ಇಷ್ಟು ಗಿಡ್ಡ ರನ್‌ವೇಯಿಂದ ಏಳಬೇಕಾದರೆ ಭಾರ ಕಡಿಮೆ ಇರಬೇಕು. ಬಿಸಿಲೇರಿದರೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೂ ಎಂಜಿನಿಗೂ ಸಿಗುವ ಬಲ ಇಳಿಯುತ್ತದೆ, ಭಾರ ಇನ್ನೂ ಇಳಿಸಬೇಕಾಗುತ್ತದೆ. ಮಳೆ ಬಿದ್ದು ರನ್‌ವೇ ಒದ್ದೆಯಾದರೆ ಬ್ರೇಕು ಹಿಡಿಯಲು ಹೆಚ್ಚು ದೂರ ಬೇಕು. ಹೀಗಾಗಿ ಕೆಲವು ಸೀಟು ಖಾಲಿ ಬಿಟ್ಟೇ ಹಾರಿಸುತ್ತಾರೆ. ಈ ವ್ಯವಹಾರದವರು ಇದನ್ನು ಲೋಡ್ ಪೆನಾಲ್ಟಿ ಎನ್ನುತ್ತಾರೆ. ಪಕ್ಕದ ಸೀಟು ಖಾಲಿ ಇರುವಾಗಲೂ ಆನ್‌ಲೈನಿನಲ್ಲಿ 'ಭರ್ತಿ' ಎಂದು ಕಾಣುವುದು ಇದೇ ಕಾರಣಕ್ಕೆ. ರನ್‌ವೇ ಉದ್ದ ಮಾಡುವ ಮಾತು ಬಹಳ ವರ್ಷಗಳಿಂದ ನಡೆದಿದೆ. ಸುತ್ತ ಹವಳದ ದಿಬ್ಬ ಇರುವ ಜಾಗದಲ್ಲಿ ಅದು ಬರೀ ಡಾಂಬರಿನ ಕೆಲಸವಲ್ಲ.

ಟಿಕೆಟ್ ಮಾಡುವುದು

ಪರ್ಮಿಟ್ ಸಿಗುವ ಭರವಸೆ ಬಂದಮೇಲೆ ಕಂಪನಿಯ ಸ್ವಂತ ತಾಣದಲ್ಲಿಯೇ ಟಿಕೆಟ್ ಮಾಡಿ. ಮಧ್ಯವರ್ತಿ ತಾಣದಲ್ಲಿ ನೂರಿನ್ನೂರು ಉಳಿಯಬಹುದು, ಆದರೆ ವಿಮಾನ ರದ್ದಾದ ದಿನ ಕಂಪನಿಯವರು ತಾಣದ ಕಡೆಗೆ, ತಾಣದವರು ಕಂಪನಿಯ ಕಡೆಗೆ ಬೆರಳು ತೋರಿಸುತ್ತಾರೆ. ನನಗೆ ಬೇರೊಂದು ಪ್ರಯಾಣದಲ್ಲಿ ಇದು ಆಗಿ, ಹಣ ವಾಪಸು ಬರುವಷ್ಟರಲ್ಲಿ ಋತು ಬದಲಾಗಿತ್ತು. ಸಂದೇಶಗಳು ನಿಮಗೇ ಬರುವಂತೆ ಮೊಬೈಲ್ ನಂಬರು ನಿಮ್ಮದೇ ಕೊಡಿ, ಏಜೆಂಟನದ್ದಲ್ಲ. ಸಮಯ ಬದಲಾವಣೆಯ ಸುದ್ದಿ ಬರುವುದು ಆ ನಂಬರಿಗೆ.

ಟಿಕೆಟ್‌ನಲ್ಲಿ ಬ್ಯಾಗಿನ ತೂಕ ಎಷ್ಟೆಂದು ಬರೆದಿದೆಯೋ ಅದನ್ನು ಪಂಚಾಂಗದಂತೆ ಪಾಲಿಸಿ. ದೊಡ್ಡ ವಿಮಾನದಲ್ಲಿ ಎರಡು ಕಿಲೋ ಹೆಚ್ಚಾದರೆ ನಗುಮೊಗದಲ್ಲಿ ಬಿಡುವವರು ಸಿಗುತ್ತಾರೆ. ಇಲ್ಲಿ ಆ ಎರಡು ಕಿಲೋ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಕೈಬ್ಯಾಗ್ ಮೆತ್ತಗಿನದಾಗಿರಲಿ, ಎಟಿಆರ್‌ನ ಮೇಲಿನ ಗೂಡು ಸಣ್ಣದು, ಗಟ್ಟಿ ಚಕ್ರದ ಪೆಟ್ಟಿಗೆ ಅದರೊಳಗೆ ಹೋಗಲು ಹಟ ಮಾಡುತ್ತದೆ. ಔಷಧಿ, ಒಂದು ಜೊತೆ ಬಟ್ಟೆ, ಚಾರ್ಜರು ಕೈಯಲ್ಲೇ ಇರಲಿ.

ಈಗ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ: ಅಗತ್ತಿಯಿಂದ ಕೊಚ್ಚಿಗೆ ಬಂದ ದಿನವೇ ಮುಂದಿನ ರೈಲು, ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಒಂದು ದಿನ ಖಾಲಿ ಬಿಡಿ. ಹೋಗುವಾಗಲೂ ಹಿಂದಿನ ರಾತ್ರಿಯೇ ಕೊಚ್ಚಿ ತಲುಪಿ. ಆ ಕಡೆಗೆ ಹೋಗುವ ವಿಮಾನ ಬೆಳಿಗ್ಗೆ ತಪ್ಪಿದರೆ ಮಧ್ಯಾಹ್ನದ್ದು ಹಿಡಿದರಾಯಿತು ಎನ್ನುವ ಬಸ್‌ಸ್ಟ್ಯಾಂಡ್ ಸೌಕರ್ಯ ಇಲ್ಲಿಲ್ಲ. ಮರುದಿನದ ಸೀಟು ಆಗಲೇ ಊರಿನವರಿಂದ ತುಂಬಿರುತ್ತದೆ.

ಕೊಚ್ಚಿ ತಲುಪಿ ವಿಮಾನ ಹತ್ತುವುದು

ರೈಲಿನಲ್ಲಿ ಬರುವವರು ಎರ್ನಾಕುಳಂವರೆಗೂ ಹೋಗಬೇಡಿ. ಮಂಗಳೂರಿನಿಂದಾಗಲಿ ಬೆಂಗಳೂರಿನಿಂದಾಗಲಿ ಬಂದರೆ ನೆಡುಂಬಾಶ್ಶೇರಿಯಲ್ಲಿರುವ ಕೊಚ್ಚಿ ವಿಮಾನ ನಿಲ್ದಾಣಕ್ಕೆ ಅಂಗಮಾಲಿ ಇಲ್ಲವೇ ಆಲುವಾ ಹತ್ತಿರ. ಆಲುವಾದಲ್ಲಿ ಮೆಟ್ರೊ ನಿಲ್ದಾಣವೂ ಇರುವುದರಿಂದ ರಾತ್ರಿ ಉಳಿಯಲು ಅದೇ ಅನುಕೂಲ. ದೇಶದೊಳಗಿನ ವಿಮಾನಗಳು ಒಂದನೇ ಟರ್ಮಿನಲ್‌ನಿಂದ.

ಕೌಂಟರಿಗೆ ಎರಡು ಗಂಟೆ ಮೊದಲೇ ಹೋಗಿ. ಗುರುತಿನ ಚೀಟಿಯ ಜೊತೆ ಪರ್ಮಿಟ್ ತೋರಿಸಬೇಕಾದ್ದರಿಂದ ಸಾಲು ನಿಧಾನ. ನಮ್ಮ ಮುಂದೆ ನಿಂತಿದ್ದ ಹಿರಿಯರೊಬ್ಬರ ಕೈಯಲ್ಲಿ ಆಸ್ಪತ್ರೆಯ ದೊಡ್ಡ ಎಕ್ಸ್‌ರೇ ಕವರು, ಪಕ್ಕದಲ್ಲಿ ಮಗ ಹಿಡಿದಿದ್ದ ಅಂಚು ಬಿಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ ಮಿಕ್ಸರ್. ಪ್ರವಾಸಿಗರೆಂದು ಕಂಡವರು ನಾವು ಮತ್ತು ಇನ್ನೊಂದು ಜೋಡಿ ಅಷ್ಟೇ. ಉಳಿದವರೆಲ್ಲ ಮನೆಗೆ ಹೋಗುವವರು.

ಸೀಟು ಆಯ್ಕೆ ಮಾಡಲು ಬಿಟ್ಟರೆ ಹಿಂಭಾಗದ ಕಿಟಕಿ ಕೇಳಿ. ಎಟಿಆರ್‌ನಲ್ಲಿ ಜನ ಹತ್ತುವ ಬಾಗಿಲು ಹಿಂದೆ ಇದೆ, ಸಾಮಾನು ಮುಂದೆ. ನಮ್ಮ ಸಿಟಿ ಬಸ್ಸಿನ ಹಿಂಬಾಗಿಲ ಹಾಗೆ. ಹಿಂದೆ ಕುಳಿತವರು ಮೊದಲು ಇಳಿಯುತ್ತಾರೆ. ಫ್ಯಾನಿನ ಸದ್ದು ಮುಂದಿನ ಸಾಲುಗಳಲ್ಲೇ ಜೋರು. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ನೋಟ ಎಲ್ಲರಿಗೂ ಸಿಗುತ್ತದೆ, ಎಂಜಿನ್ ಪಕ್ಕದ ಒಂದೆರಡು ಸಾಲು ಬಿಟ್ಟು. ಎಡವೋ ಬಲವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ದ್ವೀಪದ ತಿಳಿನೀರಿನ ಲಗೂನ್ ಇರುವುದು ಪಶ್ಚಿಮಕ್ಕೆ. ಗಾಳಿ ನೋಡಿಕೊಂಡು ವಿಮಾನ ನೈಋತ್ಯದಿಂದ ಇಳಿದರೆ ಅದು ಎಡಕ್ಕೆ, ಈಶಾನ್ಯದಿಂದ ಇಳಿದರೆ ಬಲಕ್ಕೆ. ಅದೃಷ್ಟ.

ಕೊಚ್ಚಿಯಿಂದ ಅಗತ್ತಿಗೆ ಸುಮಾರು 460 ಕಿಲೋಮೀಟರು, ಒಂದೂಕಾಲರಿಂದ ಒಂದೂವರೆ ಗಂಟೆ. ಅದರಲ್ಲಿ ಒಂದು ಗಂಟೆ ಕೆಳಗೆ ಬರೀ ನೀಲಿ. ಆಮೇಲೆ ನೀಲಿಯಲ್ಲಿ ಒಂದು ಕಡೆ ಹಸಿರು ಕದಡುತ್ತದೆ, ಹಸಿರಿನ ಅಂಚಿಗೆ ಬಿಳಿ ನೊರೆಯ ಗೆರೆ, ಗೆರೆಯ ಒಳಗೆ ತೆಂಗಿನ ತೋಟ ಹೊತ್ತ ಒಂದು ಸಪೂರ ಮಣ್ಣಿನ ಚೂರು. ಚಕ್ರ ಬಿಚ್ಚಿಕೊಂಡ ಸದ್ದಾಗುತ್ತದೆ. ಕಿಟಕಿಯಲ್ಲಿ ಇನ್ನೂ ನೀರೇ. ನೀರು ಇನ್ನಷ್ಟು ಹತ್ತಿರ ಬರುತ್ತದೆ, ತಳದ ಕಲ್ಲು ಕಾಣುವಷ್ಟು. ನಮ್ಮತ್ತೆ ಕಣ್ಣು ಮುಚ್ಚಿ ಕಟೀಲು ದುರ್ಗಾಪರಮೇಶ್ವರಿಯನ್ನು ಕರೆದದ್ದು ಆಗಲೇ. ಚಕ್ರ ನೆಲಕ್ಕೆ ಧಡ್ ಎಂದು ತಾಗಿತು, ಫ್ಯಾನುಗಳು ಗರ್ಜಿಸಿದವು, ಎಲ್ಲರೂ ಮುಂದಕ್ಕೆ ವಾಲಿದೆವು. ಇದು ಪೈಲಟ್ ಒರಟನೆಂದಲ್ಲ. ಗಿಡ್ಡ ರನ್‌ವೇಯಲ್ಲಿ ನಯವಾಗಿ ತೇಲಿಸುತ್ತ ಇಳಿಸಿದರೆ ಅಷ್ಟೂ ದೂರ ವ್ಯರ್ಥ. ಗಟ್ಟಿಯಾಗಿ ಕೂರಿಸಿ, ಫ್ಯಾನಿನ ಅಲಗನ್ನು ಹಿಮ್ಮುಖ ತಿರುಗಿಸಿ ನಿಲ್ಲಿಸುವುದೇ ಸರಿಯಾದ ಕ್ರಮ.

ಇಳಿದ ಮೇಲೆ

ಪರ್ಮಿಟ್ ತೋರಿಸಿ, ಹೆಸರು ಬರೆಸಿ, ಆಟೋ ಹತ್ತಿ. ದ್ವೀಪಕ್ಕೆ ಉದ್ದಕ್ಕೆ ಒಂದು ದಾರಿ, ಕಳೆದುಹೋಗುವ ಪ್ರಶ್ನೆಯೇ ಇಲ್ಲ. ಮಾತು ಮಲಯಾಳಕ್ಕೆ ಹತ್ತಿರದ ಜೆಸರಿ. ಬಿಎಸ್‌ಎನ್‌ಎಲ್ ಅಥವಾ ಏರ್‌ಟೆಲ್ ಸಿಮ್ ಇರಲಿ. ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಎಳೆದ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಇಂಟರ್ನೆಟ್ ಗೋಳು ಕಡಿಮೆಯಾಗಿದೆ, ಆದರೂ ಸ್ವಲ್ಪ ನಗದು ಇಟ್ಟುಕೊಳ್ಳಿ. ಮದ್ಯ ಬ್ಯಾಗಿನಲ್ಲಿ ಒಯ್ಯಬೇಡಿ. ಬಂಗಾರಂ ದ್ವೀಪದ ರೆಸಾರ್ಟ್ ಬಿಟ್ಟರೆ ಅಲ್ಲಿ ಪಾನನಿಷೇಧ.

ಅಗತ್ತಿಯಿಂದ ಬಂಗಾರಂಗೆ ದೋಣಿ, ಕವರತ್ತಿ ಕಡೆಗೆ ವೇಗದ ಹಡಗು ಇವೆ. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲಿನಲ್ಲಿ ಇವುಗಳನ್ನು ನಂಬಿ ಯೋಜನೆ ಹಾಕಬೇಡಿ. ಅಕ್ಟೋಬರಿನಿಂದ ಏಪ್ರಿಲ್ ಒಳ್ಳೆಯ ಕಾಲ.

ದಕ್ಷಿಣ ಕನ್ನಡದವರಿಗೆ ಒಂದು ಅಡ್ಡಮಾತು. ಇದು ನಮಗೆ ಪರದೇಶವೇನಲ್ಲ. 1780ರ ದಶಕದಲ್ಲಿ ಅಮಿನಿ ದ್ವೀಪದವರು ತಮ್ಮನ್ನಾಳುತ್ತಿದ್ದ ಕಣ್ಣಾನೂರಿನ ಅರಸರ ಕಾಟ ತಾಳದೆ ಮಂಗಳೂರಿಗೆ ಬಂದು ಟಿಪ್ಪುವಿನ ಮೊರೆಹೊಕ್ಕರು. ಟಿಪ್ಪು ಬಿದ್ದ ಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ಬ್ರಿಟಿಷರ ಕೈಸೇರಿ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಬಂದವು. 1956ರ ನವೆಂಬರ್ 1ರವರೆಗೂ ಹಾಗೇ ಇದ್ದವು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೇ ಲಕ್ಷದ್ವೀಪದ ಲೀಡ್ ಬ್ಯಾಂಕ್ ಆಗಿತ್ತು, ಈಗ ಕೆನರಾ. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಇವತ್ತಿಗೂ ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಅತ್ತ ಹೋಗುತ್ತವೆ. ಭಾವನ ಅಜ್ಜ ಬಂದರಿನಲ್ಲಿ ಜೀನಸಿನ ಅಂಗಡಿ ಇಟ್ಟವರು. "ಅಮಿನ್‌ದಿವಿಯವರು" ಎಂದು ಸಾಲದ ಪುಸ್ತಕದಲ್ಲಿ ಒಂದು ಪುಟವೇ ಬೇರೆ ಇತ್ತಂತೆ.

ವಿಮಾನ ಬಾರದಿದ್ದರೆ

ಹಿಂದಿನ ಸಂಜೆ ಮತ್ತು ಬೆಳಿಗ್ಗೆ ಎರಡು ಸಲ ವಿಮಾನದ ಸ್ಥಿತಿ ನೋಡಿ. ಹೋಂಸ್ಟೇಯವರನ್ನು ಕೇಳಿದರೂ ಸಾಕು, ವಿಮಾನ ಬರುತ್ತದೋ ಇಲ್ಲವೋ ಊರಿಗೆಲ್ಲ ಮೊದಲೇ ಗೊತ್ತಿರುತ್ತದೆ.

ನಿಮ್ಮ ಹಕ್ಕುಗಳನ್ನು ವಿಮಾನಯಾನ ಮಹಾನಿರ್ದೇಶನಾಲಯ ಬರೆದಿಟ್ಟಿದೆ. ವಿಮಾನ ರದ್ದಾದರೆ ಪೂರ್ತಿ ಹಣ ಇಲ್ಲವೇ ಬೇರೆ ವಿಮಾನ, ಆಯ್ಕೆ ನಿಮ್ಮದು. ಈ ಮಾರ್ಗದಷ್ಟು ಗಿಡ್ಡ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ, ಸಮಯಕ್ಕೆ ಚೆಕ್-ಇನ್ ಮಾಡಿದವರಿಗೆ ಊಟ, ತಿಂಡಿ ಕೊಡಬೇಕು. ಆರು ಗಂಟೆ ಮೀರುವುದಿದ್ದರೆ ಮತ್ತೆ ಹಣ ಅಥವಾ ಬೇರೆ ವಿಮಾನ. ಮೊದಲೇ ತಿಳಿಸದೆ ರದ್ದು ಮಾಡಿದರೆ, ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ ಅಥವಾ ಒಂದು ಕಡೆಯ ಮೂಲದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅಷ್ಟು ಪರಿಹಾರ. ಆದರೆ ಹವಾಮಾನದಿಂದ ರದ್ದಾದರೆ ಈ ಪರಿಹಾರ ಇಲ್ಲ, ಅಗತ್ತಿಯ ಮಟ್ಟಿಗೆ ಮಳೆ-ಗಾಳಿಯೇ ದೊಡ್ಡ ಕಾರಣ ಎಂಬುದು ಗೊತ್ತಿರಲಿ. ರದ್ದಾದ ಸಂದೇಶದ ಸ್ಕ್ರೀನ್‌ಶಾಟ್, ಪಿಎನ್‌ಆರ್, ಖರ್ಚಿನ ರಸೀದಿ ಇಟ್ಟುಕೊಂಡು ಮೊದಲು ಕಂಪನಿಗೆ, ಉತ್ತರ ಬಾರದಿದ್ದರೆ ಏರ್‌ಸೇವಾ ಎಂಬ ಸರ್ಕಾರಿ ತಾಣದಲ್ಲಿ ದೂರು ಕೊಡಿ. ಪರ್ಮಿಟ್‌ನ ಕೊನೆಯ ದಿನ ಮೀರುವಂತಿದ್ದರೆ ಕಾಯಬೇಡಿ, ಅವತ್ತೇ ಠಾಣೆಗೆ ಹೋಗಿ ಹೇಳಿ. ಕೊಚ್ಚಿಗೆ ಹಡಗೂ ಇದೆ; ಹೆಚ್ಚುಕಡಿಮೆ ಹದಿನಾಲ್ಕರಿಂದ ಹದಿನೆಂಟು ಗಂಟೆ, ಸೀಟು ಸಿಗುವುದು ಸುಲಭವಲ್ಲ.

ವಾಪಸು ಬರುವಾಗ ತರಬೇಕಾದ್ದು ಮಾಸ್, ಅಂದರೆ ಬೇಯಿಸಿ, ಹೊಗೆ ಹಾಕಿ, ಒಣಗಿಸಿದ ಕೇದರ (ಟ್ಯೂನಾ) ಮೀನು. ಮೂರು ಪದರ ಪ್ಲಾಸ್ಟಿಕ್ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಇಲ್ಲದಿದ್ದರೆ ಮುಂದಿನ ಆರು ತಿಂಗಳು ಆ ಬ್ಯಾಗ್ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ತರಲೇಬಾರದ್ದು ಹವಳ. ಸತ್ತು ದಡಕ್ಕೆ ಬಿದ್ದ ತುಂಡಾದರೂ ಸರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ನಿಲ್ದಾಣದಲ್ಲಿ ಬ್ಯಾಗ್ ಎಕ್ಸ್‌ರೇ ಆಗುತ್ತದೆ. ಹೊರಡುವ ಬೆಳಿಗ್ಗೆ ಮಕ್ಕಳ ಜೇಬು ನೀವೇ ತಡಕಿ. ಭಾವನ ಮಗಳ ಫ್ರಾಕಿನ ಜೇಬಿನಲ್ಲಿ ಬೆರಳುದ್ದದ ಐದು ತುಂಡು ಸಿಕ್ಕವು. ಆಟೋದವನಿಗೆ ನಿಲ್ಲು ಎಂದೆವು. ದಾರಿಯಿಂದ ಇಪ್ಪತ್ತು ಹೆಜ್ಜೆಗೆ ನೀರು. ಅವಳು ಒಂದೊಂದನ್ನೇ ಎಣಿಸಿ ಬಿಟ್ಟು ಬಂದು ಕೂತಳು, ಕೊಚ್ಚಿ ಮುಟ್ಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.